ಬೇಡವಾದ ಮಾಲು ವಾಪಸು ಹೋದೀತೇ?
ಆನ್‌ಲೈನ್ ಖರೀದಿ ಮತ್ತು ಹೋಟೇಲು ಮಾಲಕರ ಹಕ್ಕುಗಳು

ಹಿಂದೆಲ್ಲ ಹೋಟೇಲಿಗೆ ಪಾತ್ರೆ ಪಗಡಿ ಬೇಕೆಂದರೆ ಮಾಲಕರೇ ಪೇಟೆಗೆ ಹೋಗುತ್ತಿದ್ದರು. ಮುಂಬಯಿಯವರು ಕಾಲ್ಬಾದೇವಿ, ಭುಲೇಶ್ವರದ ಕಡೆಗೆ, ಪುಣೆಯವರು ಬೋಹ್ರಿ ಆಳಿಗೆ, ಹೈದರಾಬಾದಿನವರು ಬೇಗಂ ಬಜಾರಿಗೆ, ದೆಹಲಿಯವರು ಸದರ್ ಬಜಾರಿನ ಡೆಪ್ಯುಟಿ ಗಂಜಿಗೆ, ಚೆನ್ನೈಯವರು ಪ್ಯಾರೀಸ್ ಕಡೆಗೆ. ತಟ್ಟೆಯನ್ನು ಕೈಯಲ್ಲಿ ಹಿಡಿದು ತೂಕ ನೋಡಿ, ಲೋಟವನ್ನು ಬೆರಳಿನಿಂದ ತಟ್ಟಿ, ಚೌಕಾಸಿ ಮಾಡಿ ತರುವುದು ರೂಢಿ. ತಂದ ಮಾಲು ಸರಿಯಿಲ್ಲವೆಂದರೆ ಮರುದಿನ ಹುಡುಗನ ಕೈಯಲ್ಲಿ ಕಳುಹಿಸಿದರೆ ಸಾಕಿತ್ತು. ಅಂಗಡಿಯ ಸೇಠ್ ಗೊಣಗಿದರೂ ಬದಲಿಸಿ ಕೊಡುತ್ತಿದ್ದ. ಅಲ್ಲಿ ನಡೆಯುತ್ತಿದ್ದುದು ಕಾನೂನಲ್ಲ, ಮುಖಪರಿಚಯ.

ಇಂದು ಗಲ್ಲಾದಲ್ಲಿ ಕುಳಿತೇ ಮೊಬೈಲಿನಲ್ಲಿ ಗ್ರೈಂಡರ್, ಡೀಪ್ ಫ್ರೀಜರ್, ಕಾಫಿ ಯಂತ್ರ, ಪ್ಯಾಕಿಂಗ್ ಡಬ್ಬಿ, ಕೊನೆಗೆ ಬಿಲ್ಲಿಂಗ್ ಯಂತ್ರದ ಕಾಗದದ ರೋಲನ್ನೂ ತರಿಸುತ್ತೇವೆ. ದರ ಕಡಿಮೆ, ಪೇಟೆಗೆ ಹೋಗುವ ಸಮಯವೂ ಉಳಿಯುತ್ತದೆ. ಆದರೆ ಮಾಲು ಬೇಡವಾದಾಗ, ಅಥವಾ ಬಂದದ್ದು ಬೇರೆಯೇ ಆದಾಗ ಮಾತಾಡುವುದಕ್ಕೆ ಸೇಠ್ ಇಲ್ಲ. ಇರುವುದು ಒಂದು ಬಟನ್ ಮತ್ತು ಅದರ ಹಿಂದಿನ ಷರತ್ತುಗಳು. "ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಹತ್ತು ದಿನದೊಳಗೆ ವಾಪಸು ಮಾಡಬಹುದು, ಅದು ಕಾನೂನು" ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಈ ನಂಬಿಕೆ ಅರ್ಧ ಮಾತ್ರ ಸರಿ, ಹೋಟೇಲಿನ ಮಟ್ಟಿಗೆ ಅರ್ಧಕ್ಕಿಂತಲೂ ಕಡಿಮೆ. ಹಣ ಹೋದ ಮೇಲೆ ತಿಳಿಯುವುದಕ್ಕಿಂತ ಆರ್ಡರ್ ಕೊಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ಮನಸ್ಸು ಬದಲಾಯಿತು ಎಂದರೆ

ಮಾಲಿನಲ್ಲಿ ಯಾವ ದೋಷವೂ ಇಲ್ಲ, ವಿವರದಲ್ಲಿ ಹೇಳಿದಂತೆಯೇ ಇದೆ, ಆದರೆ ನಮಗೆ ಬೇಡ. ಇಂಥ ಸಂದರ್ಭದಲ್ಲಿ ವಾಪಸು ಮಾಡುವ ಸಾಮಾನ್ಯ ಹಕ್ಕನ್ನು ಭಾರತದ ಕಾನೂನು ಕೊಟ್ಟಿಲ್ಲ. ಯುರೋಪಿನ ಒಕ್ಕೂಟದ ದೇಶಗಳಲ್ಲಿ 2014ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಮನೆಬಳಕೆಗೆ ಆನ್‌ಲೈನ್‌ನಲ್ಲಿ ಕೊಂಡ ಹೆಚ್ಚಿನ ಸಾಮಾನುಗಳನ್ನು 14 ದಿನಗಳೊಳಗೆ ಕಾರಣ ಹೇಳದೆಯೇ ಹಿಂದಿರುಗಿಸಬಹುದು. ಬ್ರಿಟನ್ನಿನಲ್ಲೂ ಹಾಗೆಯೇ. ಅಲ್ಲಿರುವ ಮಕ್ಕಳು, ನೆಂಟರು ಹೇಳುವುದನ್ನು ಕೇಳಿ ಇಲ್ಲಿಯೂ ಅದೇ ನಿಯಮ ಎಂದುಕೊಳ್ಳಬಾರದು.

ನಮ್ಮಲ್ಲಿ 7 ದಿನ, 10 ದಿನ ಎಂದು ಕಾಣುವುದೆಲ್ಲ ಆಯಾ ಕಂಪನಿ ತಾನಾಗಿ ಕೊಟ್ಟ ಸೌಲಭ್ಯ. ಕೊಟ್ಟ ಮೇಲೆ ಅದು ಅವರ ಮಾತು, ಅದರಿಂದ ಹಿಂದೆ ಸರಿಯುವಂತಿಲ್ಲ. ಆದರೆ ಎಷ್ಟು ದಿನ ಕೊಡಬೇಕು, ಯಾವ ಮಾಲಿಗೆ ಕೊಡಬೇಕು ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ಒಂದೇ ಸೈಟಿನಲ್ಲಿ ಒಂದು ಮಿಕ್ಸರಿಗೆ ಹಣ ವಾಪಸು ಇರುತ್ತದೆ, ಪಕ್ಕದ ಮಿಕ್ಸರಿಗೆ ಬದಲಿ ಮಾಲು ಮಾತ್ರ, ಮೂರನೆಯದಕ್ಕೆ ಎರಡೂ ಇಲ್ಲ. ಆದ್ದರಿಂದ ಸೈಟಿನ ಹೆಸರು ನೋಡಿ ಧೈರ್ಯ ತಂದುಕೊಳ್ಳುವುದಲ್ಲ, ಆ ಒಂದು ಸಾಮಾನಿನ ಪುಟದಲ್ಲಿರುವ ರಿಟರ್ನ್ ಷರತ್ತನ್ನು ಓದಬೇಕು. ಆರ್ಡರ್ ಕೊಡುವಾಗಲೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಇನ್ನೂ ಉತ್ತಮ, ಏಕೆಂದರೆ ಪುಟ ಬದಲಾಗುತ್ತದೆ, ಚಿತ್ರ ಬದಲಾಗದು.

ಉದಾಹರಣೆಗೆ, ಅಡಿಗೆಮನೆಯಲ್ಲಿ ಸಿಂಗಲ್ ಫೇಸ್ ಕರೆಂಟು ಇದೆ, ತರಿಸಿದ ಟಿಲ್ಟಿಂಗ್ ಗ್ರೈಂಡರಿನ ಮೋಟಾರು ತ್ರೀ ಫೇಸಿನದು. ಪುಟದಲ್ಲಿ ತ್ರೀ ಫೇಸ್ ಎಂದೇ ಬರೆದಿತ್ತು. ಇಲ್ಲಿ ಮಾರಿದವನ ತಪ್ಪಿಲ್ಲ. ಕಂಪನಿ ಸೌಲಭ್ಯ ಕೊಟ್ಟಿದ್ದರೆ ವಾಪಸು ಹೋಗುತ್ತದೆ, ಇಲ್ಲದಿದ್ದರೆ ಗ್ರೈಂಡರ್ ನಮ್ಮದೇ. ಫ್ರೀಜರ್ ಬಾಗಿಲಿನೊಳಗೆ ಹಿಡಿಯಲಿಲ್ಲ, ಕಾವಲಿ ಒಲೆಗಿಂತ ದೊಡ್ಡದಾಯಿತು ಎಂಬುದೂ ಇದೇ ಸಾಲಿಗೆ ಸೇರುತ್ತದೆ.

ದೋಷ ಇದ್ದರೆ ಮಾತು ಬೇರೆ

ಮಾಲಿನಲ್ಲಿ ಕುಂದು ಇದ್ದರೆ ಗ್ರಾಹಕನ ಕೈ ಬಲವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 2020ರ ಜುಲೈಯಲ್ಲಿ ಜಾರಿಗೆ ಬಂತು. ಆನ್‌ಲೈನ್ ಖರೀದಿಯೂ ಖರೀದಿಯೇ ಎಂದು ಅದು ಸ್ಪಷ್ಟವಾಗಿ ಹೇಳಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಹೇಳಿರದಿದ್ದರೆ 30 ದಿನಗಳೊಳಗೆ, ವಾಪಸು ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದು ಈ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ. "ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ದೋಷವಿರುವ ಮಾಲಿನ ಹೊಣೆಯಿಂದ ಮಾರಾಟಗಾರ ತಪ್ಪಿಸಿಕೊಳ್ಳಲಾರ.

ಇದರ ಜೊತೆಗೆ 2020ರ ಜುಲೈ 23ರಂದು ಇ-ಕಾಮರ್ಸ್ ನಿಯಮಗಳು ಬಂದವು. ಅವುಗಳಂತೆ ಈ ಕೆಳಗಿನ ಸಂದರ್ಭಗಳಲ್ಲಿ ಮಾರಾಟಗಾರ ಮಾಲನ್ನು ವಾಪಸು ಪಡೆಯಲು ಅಥವಾ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ.

1. ಮಾಲು ದೋಷಯುಕ್ತವಾಗಿದ್ದರೆ ಅಥವಾ ನಕಲಿಯಾಗಿದ್ದರೆ.
2. ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣಲಕ್ಷಣ ಅದರಲ್ಲಿ ಇಲ್ಲದಿದ್ದರೆ.
3. ಹೇಳಿದ ದಿನಕ್ಕಿಂತ ತಡವಾಗಿ ಬಂದರೆ. ನೆರೆ, ಬಂದ್ ಮುಂತಾದ ಕೈಮೀರಿದ ಕಾರಣಗಳಿದ್ದರೆ ಮಾತ್ರ ಇದಕ್ಕೆ ವಿನಾಯಿತಿ.

ಎರಡನೆಯ ಅಂಶ ಹೋಟೇಲಿನವರಿಗೆ ಮುಖ್ಯ. ಪುಟದಲ್ಲಿ 20 ಗೇಜಿನ ಸ್ಟೀಲ್ ತಟ್ಟೆ ಎಂದು ಬರೆದು 24 ಗೇಜಿನದನ್ನು ಕಳುಹಿಸಿದರೆ, ತಟ್ಟೆ ಮುರಿದಿಲ್ಲ, ಸೋರುವುದಿಲ್ಲ, ಊಟವನ್ನೂ ಬಡಿಸಬಹುದು. ಆದರೂ ಅದು ಒಪ್ಪಿದ ಮಾಲಲ್ಲ. 24 ಗೇಜ್ ಎಂದರೆ ಇನ್ನೂ ತೆಳುವಾದ ತಗಡು. ತೂಕ ಮಾಡಿ ಫೋಟೋ ತೆಗೆದರೆ ಅದೇ ಸಾಕ್ಷಿ. ಮೂರನೆಯ ಅಂಶವೂ ಹಾಗೆಯೇ. ಶನಿವಾರದ ಮದುವೆ ಕೇಟರಿಂಗಿಗೆಂದು ಗುರುವಾರಕ್ಕೆ ಹೇಳಿದ ಚೇಫಿಂಗ್ ಡಿಶ್ ಸೋಮವಾರ ಬಂದರೆ ಅದನ್ನು ಇಟ್ಟುಕೊಂಡು ಮಾಡುವುದೇನು?

ದೋಷ ಎಂದರೆ ಮಾಲು ಕೆಟ್ಟಿರುವುದು ಮಾತ್ರ ಎಂದೂ ತಿಳಿಯಬೇಕಾಗಿಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಐಎಸ್‌ಐ ಗುರುತಿನ ಕಡ್ಡಾಯ ನಿಯಮಕ್ಕೆ ಹೊಂದದ 2,265 ಪ್ರೆಶರ್ ಕುಕ್ಕರುಗಳು ಅಮೆಜಾನ್ ತಾಣದ ಮೂಲಕ ಮಾರಾಟವಾಗಿದ್ದವು. ಕೊಂಡವರೆಲ್ಲರಿಗೂ ತಿಳಿಸಿ, ಕುಕ್ಕರ್ ವಾಪಸು ಪಡೆದು, ಹಣ ಹಿಂದಿರುಗಿಸಬೇಕೆಂದೂ 1 ಲಕ್ಷ ರೂಪಾಯಿ ದಂಡ ಕಟ್ಟಬೇಕೆಂದೂ ಪ್ರಾಧಿಕಾರ ಹೇಳಿತು. ಅದೇ ತಿಂಗಳು 598 ಕುಕ್ಕರುಗಳ ವಿಷಯದಲ್ಲಿ ಫ್ಲಿಪ್‌ಕಾರ್ಟಿಗೂ ಇಂಥದೇ ಆದೇಶವಾಯಿತು. ಅಮೆಜಾನ್ ಆದೇಶದ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಅದೇನೇ ಇರಲಿ, "ನಾವು ಬರೀ ಸಂತೆಕಟ್ಟೆ, ಮಾರಿದವರು ಬೇರೆಯವರು" ಎಂದು ಸೈಟಿನವರು ಸುಮ್ಮನಿರುವ ಕಾಲ ಮುಗಿಯುತ್ತಿದೆ ಎಂಬುದಕ್ಕೆ ಇದು ಸೂಚನೆ.

ಹಾಗೆಂದು ಸೈಟು ಮತ್ತು ಮಾರಾಟಗಾರ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ಬಿಲ್ಲಿನಲ್ಲಿರುವ ಹೆಸರು ಯಾರದು ನೋಡಿ. ಮೊದಲ ಹೊಣೆ ಅವರದು. ಅವರ ವ್ಯಾಪಾರದ ಹೆಸರು, ವಿಳಾಸ, ಗ್ರಾಹಕ ಸೇವೆಯ ನಂಬರು ತಾಣದಲ್ಲಿ ಕಾಣುವಂತಿರಬೇಕು. ದೂರು ಕೊಡುವುದಕ್ಕಾಗಿ ಮಾರಾಟಗಾರನ ಪೂರ್ತಿ ವಿವರ ಬೇಕೆಂದು ಗ್ರಾಹಕ ಬರೆದು ಕೇಳಿದರೆ ಸೈಟಿನವರು ಕೊಡಬೇಕು. ಆರ್ಡರ್ ರದ್ದು ಮಾಡಿದ್ದಕ್ಕೆ ದಂಡ ಹಾಕುವುದೂ, ತಾವೇ ರದ್ದು ಮಾಡಿದಾಗ ಅಂಥದೇ ದಂಡವನ್ನು ತಾವು ಭರಿಸದಿದ್ದರೆ, ನಿಯಮಕ್ಕೆ ವಿರುದ್ಧ.

ಹೋಟೇಲು ಮಾಲಕ 'ಗ್ರಾಹಕ'ನೇ?

ಮೇಲೆ ಹೇಳಿದ್ದೆಲ್ಲ 'ಗ್ರಾಹಕ'ನಿಗೆ ಸಿಗುವ ರಕ್ಷಣೆ. ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಮಾಲು ಕೊಂಡವನು ಗ್ರಾಹಕನಲ್ಲ ಎಂದು ಅದೇ ಕಾಯ್ದೆಯ 2ನೇ ಕಲಮಿನ 7ನೇ ಉಪಕಲಮು ಹೇಳುತ್ತದೆ. ಇಪ್ಪತ್ತು ಕೆಲಸಗಾರರಿರುವ ಹೋಟೇಲಿಗೆ ಎಂಬತ್ತು ಸಾವಿರದ ಗ್ರೈಂಡರ್ ತರಿಸಿ, ಅದು ಕೆಟ್ಟು, ಗ್ರಾಹಕ ಆಯೋಗಕ್ಕೆ ಹೋದರೆ ಎದುರು ಕಕ್ಷಿಯ ವಕೀಲರ ಮೊದಲ ವಾದವೇ "ಇವರು ಗ್ರಾಹಕರಲ್ಲ" ಎಂದಾಗಿರುತ್ತದೆ. ನಮ್ಮ ಹೆಚ್ಚಿನ ದೊಡ್ಡ ಖರೀದಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವುದಕ್ಕೆಂದೇ ಕೊಂಡು ತಾನೇ ಬಳಸುವ ಸಾಮಾನನ್ನು ವಾಣಿಜ್ಯ ಉದ್ದೇಶ ಎಂದು ಎಣಿಸಬಾರದು ಎಂಬ ವಿವರಣೆ ಅದೇ ಕಲಮಿನಲ್ಲಿದೆ. 1995ರಲ್ಲಿ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಆಟೋರಿಕ್ಷಾ ಕೊಂಡು ತಾನೇ ಓಡಿಸುವವನು ಗ್ರಾಹಕ. ಯಂತ್ರವನ್ನು ತಾನೇ ನಡೆಸುವವನು ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಗ್ರಾಹಕನೇ. ಬೇರೆಯವರಿಂದಲೇ ನಡೆಸುವುದಕ್ಕೆಂದು ಕೊಂಡವನು ಗ್ರಾಹಕನಲ್ಲ. ಪ್ರತಿಯೊಂದು ಪ್ರಕರಣವನ್ನೂ ಅದರದರ ಸಂಗತಿ ನೋಡಿ ತೀರ್ಮಾನಿಸಬೇಕು ಎಂದಿತು ಕೋರ್ಟು.

ಇದನ್ನು ನಮ್ಮ ಉದ್ಯಮಕ್ಕೆ ಹೊಂದಿಸಿ ನೋಡೋಣ. ಗಂಡ ಹೆಂಡತಿ ಸೇರಿ, ಒಬ್ಬ ಹುಡುಗನನ್ನು ಇಟ್ಟುಕೊಂಡು ನಡೆಸುವ ಟೀ ಅಂಗಡಿ ಅಥವಾ ಊಟದ ಮೆಸ್ಸಿಗೆ ಮಿಕ್ಸರ್ ಕೊಂಡರೆ ಗ್ರಾಹಕ ಎಂದು ವಾದಿಸಲು ಒಳ್ಳೆಯ ಆಧಾರವಿದೆ. ಎರಡು ಶಾಖೆ, ಮೂವತ್ತು ಕೆಲಸಗಾರರಿರುವ ಹೋಟೇಲಿಗೆ ಅದೇ ಮಾತು ಕಷ್ಟ. ಪಾಲುದಾರಿಕೆ ಇದ್ದ ಮಾತ್ರಕ್ಕೆ ಆಸೆ ಬಿಡಬೇಕಾಗಿಲ್ಲ. ಜೀವನೋಪಾಯಕ್ಕಾಗಿ ಇಬ್ಬರು ಸೇರಿ ಫೋಟೋ ಮುದ್ರಣದ ಯಂತ್ರ ಕೊಂಡಿದ್ದ ಪ್ಯಾರಾಮೌಂಟ್ ಡಿಜಿಟಲ್ ಕಲರ್ ಲ್ಯಾಬ್ ಪ್ರಕರಣದಲ್ಲಿ, ಅವರು ಗ್ರಾಹಕರೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಮುಂಬಯಿಯ ಲೀಲಾವತಿ ಕೀರ್ತಿಲಾಲ್ ಮೆಹ್ತಾ ಮೆಡಿಕಲ್ ಟ್ರಸ್ಟಿನ ಪ್ರಕರಣವನ್ನೂ ನಾವು ತಿಳಿದಿರಬೇಕು. ಆಸ್ಪತ್ರೆಯ ದಾದಿಯರ ವಾಸಕ್ಕೆಂದು ಟ್ರಸ್ಟು ಫ್ಲಾಟುಗಳನ್ನು ಕೊಂಡಿತ್ತು. ಲಾಭ ಗಳಿಕೆಯ ಚಟುವಟಿಕೆಗೂ ಈ ಖರೀದಿಗೂ ನೇರ ಸಂಬಂಧವಿಲ್ಲ, ಆದ್ದರಿಂದ ಇದು ವಾಣಿಜ್ಯ ಉದ್ದೇಶವಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕೊಂಡವರು ಯಾರು ಎಂಬುದಕ್ಕಿಂತ ಯಾವುದಕ್ಕಾಗಿ ಕೊಂಡರು ಎಂಬುದು ಮುಖ್ಯ. ನಮ್ಮ ಹೋಟೇಲುಗಳಲ್ಲಿ ಕೆಲಸದವರಿಗೆ ವಾಸದ ಕೋಣೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಆ ಕೋಣೆಗೆಂದು ತರಿಸಿದ ಫ್ಯಾನು, ಹಾಸಿಗೆ, ನೀರು ಕಾಯಿಸುವ ಗೀಸರ್ ಕೆಟ್ಟದ್ದು ಬಂದರೆ ಈ ತೀರ್ಪಿನ ಆಧಾರ ಹಿಡಿದು ವಾದಿಸಬಹುದು. ಅಡಿಗೆಮನೆಯ ಗ್ರೈಂಡರಿಗೆ ಅದು ಅಷ್ಟು ಸುಲಭವಾಗಿ ಒದಗದು.

ಇನ್ನೊಂದು ಅನುಕೂಲದ ತೀರ್ಪು 2024ರ ಮೇ ತಿಂಗಳಲ್ಲಿ ಶ್ರೀರಾಮ್ ಚಿಟ್ಸ್ ಪ್ರಕರಣದಲ್ಲಿ ಬಂತು. ವಾಣಿಜ್ಯ ಉದ್ದೇಶ ಎಂದು ಹೇಳುವವರೇ ಅದನ್ನು ಮೊದಲು ಸಾಬೀತು ಮಾಡಬೇಕು, ಆ ಮೇಲೆಯೇ ಜೀವನೋಪಾಯದ ಮಾತನ್ನು ದೂರುದಾರ ಸಾಬೀತು ಮಾಡಬೇಕಾಗುವುದು ಎಂದು ಸುಪ್ರೀಂ ಕೋರ್ಟು ಹೇಳಿತು. ಬರೀ ಬಾಯಿಮಾತಿನ ಆಕ್ಷೇಪ ಎತ್ತಿ ದೂರನ್ನು ತಳ್ಳಿಹಾಕಿಸುವುದು ಈಗ ಕಷ್ಟ.

ಗ್ರಾಹಕ ಅಲ್ಲದಿದ್ದರೂ ಅನಾಥರಲ್ಲ

ದೊಡ್ಡ ಹೋಟೇಲಿನವರಿಗೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದರೂ 1930ರ ಸರಕು ಮಾರಾಟ ಕಾಯ್ದೆ ಇದೆ. ಇದು ವ್ಯಾಪಾರಿ, ಗ್ರಾಹಕ ಎಂಬ ಭೇದ ಮಾಡುವುದಿಲ್ಲ. ವ್ಯಾಜ್ಯ ನಡೆಯುವುದು ಸಿವಿಲ್ ಕೋರ್ಟಿನಲ್ಲಿ. ಈ ಹಳೆಯ ಕಾಯ್ದೆಯ ನಾಲ್ಕು ಮಾತುಗಳನ್ನು ನೆನಪಿಟ್ಟರೆ ಸಾಕು.

ವಿವರಣೆ ನೋಡಿ ಕೊಂಡ ಮಾಲು ಆ ವಿವರಣೆಗೆ ಹೊಂದಬೇಕು ಎಂಬುದು ಮೊದಲನೆಯದು, 15ನೇ ಕಲಮು. ಆನ್‌ಲೈನ್‌ನಲ್ಲಿ ಎಲ್ಲವೂ ವಿವರಣೆ ನೋಡಿಯೇ ಕೊಳ್ಳುವುದಲ್ಲವೇ? ಎರಡನೆಯದು, ಮೊದಲು ನೋಡದೆ ಕೊಂಡ ಮಾಲನ್ನು ಪರೀಕ್ಷಿಸುವುದಕ್ಕೆ ಸಮಂಜಸ ಅವಕಾಶ ಸಿಗುವ ತನಕ ಅದನ್ನು ಒಪ್ಪಿಕೊಂಡಂತೆ ಆಗುವುದಿಲ್ಲ, 41ನೇ ಕಲಮು. ಮೂರನೆಯದು ಪ್ರಮಾಣದ ವಿಷಯ, 37ನೇ ಕಲಮು. ನೂರು ತಟ್ಟೆಗೆ ಎಂಬತ್ತು ಬಂದರೆ ತಿರಸ್ಕರಿಸಬಹುದು, ಇಟ್ಟುಕೊಂಡರೆ ಎಂಬತ್ತಕ್ಕೆ ಹಣ ಕೊಡಬೇಕು. ಬೇರೆ ಜಾತಿಯ ಮಾಲು ಬೆರೆತು ಬಂದರೆ ಸರಿಯಾದುದನ್ನು ಇಟ್ಟುಕೊಂಡು ಉಳಿದದ್ದನ್ನು ಬೇಡವೆನ್ನಬಹುದು, ಅಥವಾ ಎಲ್ಲವನ್ನೂ ಬೇಡವೆನ್ನಬಹುದು. ನಾಲ್ಕನೆಯದು, ನ್ಯಾಯವಾಗಿ ತಿರಸ್ಕರಿಸಿದ ಮಾಲನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, ನಾವೇ ಹೊತ್ತುಕೊಂಡು ಹೋಗಿ ಕೊಡಬೇಕಾಗಿಲ್ಲ. ಬೇಡವೆಂದು ತಿಳಿಸಿದರೆ ಸಾಕು, 43ನೇ ಕಲಮು.

ಇಷ್ಟಕ್ಕೂ ಒಂದು ದೊಡ್ಡ 'ಆದರೆ' ಇದೆ. ಮಾಲನ್ನು ಒಪ್ಪಿದೆವೆಂದು ತಿಳಿಸಿದರೆ, ನಮ್ಮದೇ ಎಂಬಂತೆ ಬಳಸಲು ತೊಡಗಿದರೆ, ಅಥವಾ ಏನೂ ಹೇಳದೆ ಬಹಳ ದಿನ ಇಟ್ಟುಕೊಂಡರೆ ಅದನ್ನು ಒಪ್ಪಿಕೊಂಡಂತೆ. ಆಮೇಲೆ ನಷ್ಟ ಕೇಳಬಹುದೇ ಹೊರತು ಸಾಮಾನ್ಯವಾಗಿ ಮಾಲನ್ನು ತಿರಸ್ಕರಿಸಲಾಗದು. ಹೋಟೇಲಿನಲ್ಲಿ ನಡೆಯುವುದು ಇದೇ ಅಲ್ಲವೇ? ಗ್ರೈಂಡರ್ ಸದ್ದು ಮಾಡುತ್ತದೆ, ಆದರೂ ಬೆಳಗಿನ ಇಡ್ಲಿಗೆ ಹಿಟ್ಟು ಬೇಕು. "ಸದ್ಯಕ್ಕೆ ರುಬ್ಬಿ, ಆಮೇಲೆ ನೋಡುವ" ಎನ್ನುತ್ತೇವೆ. ಹಾಗೆ ಹದಿನೈದು ದಿನ ರುಬ್ಬಿದ ಮೇಲೆ ಗ್ರೈಂಡರ್ ನಮ್ಮದಾಗಿರುತ್ತದೆ. ಸಂಶಯ ಬಂದ ದಿನವೇ ಸ್ವಿಚ್ಚು ತೆಗೆದು, ಬರವಣಿಗೆಯಲ್ಲಿ ತಿಳಿಸುವುದು ಕ್ಷೇಮ.

ಒಪ್ಪಂದದ ಷರತ್ತುಗಳು ಈ ಹಕ್ಕುಗಳನ್ನು ಮೊಟಕು ಮಾಡಬಲ್ಲವು ಎಂಬುದೂ ನೆನಪಿರಲಿ. ವ್ಯಾಪಾರಸ್ಥರಿಗೆಂದೇ ಇರುವ ಸೈಟುಗಳಲ್ಲಿ ರಿಟರ್ನ್ ಷರತ್ತು ಹೆಚ್ಚು ಬಿಗಿ ಇರಬಹುದು, ಅಲ್ಲಿ ಓದಿಯೇ ಮುಂದುವರಿಯಬೇಕು.

ಮನೆಬಳಕೆಯ ಯಂತ್ರ, ಹೋಟೇಲಿನ ಕೆಲಸ

ಅಗ್ಗವೆಂದು ಮನೆಬಳಕೆಯ ಮಿಕ್ಸರನ್ನೋ ಫ್ರಿಜ್ಜನ್ನೋ ತರಿಸಿ ಹೋಟೇಲಿನಲ್ಲಿ ಬಳಸುವವರು ಬಹಳ ಮಂದಿ. ಮನೆಬಳಕೆಯ ಹೆಚ್ಚಿನ ಯಂತ್ರಗಳ ವಾರಂಟಿ ಕಾರ್ಡಿನಲ್ಲಿ ವಾಣಿಜ್ಯ ಬಳಕೆಗೆ ವಾರಂಟಿ ಇಲ್ಲ ಎಂಬ ಸಾಲು ಇರುತ್ತದೆ. ಕಂಪನಿಯ ಮೆಕ್ಯಾನಿಕ್ ಬಂದು ಹೋಟೇಲಿನ ಅಡಿಗೆಮನೆ ನೋಡಿ ಹಾಗೆಯೇ ತಿರುಗಿ ಹೋಗುತ್ತಾನೆ. ಅಲ್ಲಿಗೆ ವಾರಂಟಿಯೂ ಇಲ್ಲ, ಹತ್ತು ನಿಮಿಷದ ಚಟ್ನಿಗೆಂದು ಮಾಡಿದ ಮೋಟಾರು ದಿನವಿಡೀ ಓಡಿ ಸುಟ್ಟರೆ ಅದನ್ನು ದೋಷ ಎನ್ನುವಂತೆಯೂ ಇಲ್ಲ. ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಹೋಟೇಲು ಬಳಕೆಗೆಂದೇ ಮಾಡಿದ ಯಂತ್ರ ಕೊಳ್ಳುವುದು ಲಾಭ.

ಬಿಲ್ಲು ಯಾರ ಹೆಸರಿನಲ್ಲಿ ಎಂಬುದಕ್ಕೂ ಬೆಲೆಯಿದೆ. ಜಿಎಸ್‌ಟಿ ನಂಬರು ಕೊಟ್ಟು ಹೋಟೇಲಿನ ಹೆಸರಿನಲ್ಲಿ ಬಿಲ್ಲು ಪಡೆದರೆ ಲೆಕ್ಕಕ್ಕೆ ಒಳ್ಳೆಯದು, ಆದರೆ ವಾಣಿಜ್ಯ ಉದ್ದೇಶ ಎನ್ನುವುದಕ್ಕೆ ಎದುರು ಕಕ್ಷಿ ತೋರಿಸುವ ಕಾಗದವೂ ಅದೇ. ಅದಕ್ಕೆ ಹೆದರಿ ಹೋಟೇಲಿನ ಖರ್ಚನ್ನು ಮನೆಯ ಹೆಸರಿಗೆ ಬರೆಯುವುದು ಸರಿಯಲ್ಲ. ನಿಜವಾಗಿ ಮನೆಗೆ ಕೊಂಡದ್ದನ್ನು ಮನೆಯ ಹೆಸರಿಗೂ ಹೋಟೇಲಿಗೆ ಕೊಂಡದ್ದನ್ನು ಹೋಟೇಲಿನ ಹೆಸರಿಗೂ ಬೇರೆ ಬೇರೆ ಖಾತೆಯಿಂದ ತರಿಸಿದರೆ ಗೊಂದಲವೇ ಇಲ್ಲ. ಇನ್ನು, 5 ಶೇಕಡಾ ದರದಲ್ಲಿ ತೆರಿಗೆ ಕಟ್ಟುವ ಹೋಟೇಲಿಗೆ ಖರೀದಿಯ ಮೇಲಿನ ಜಿಎಸ್‌ಟಿಯ ಕ್ರೆಡಿಟ್ ಸಿಗುವುದಿಲ್ಲ. ಆದ್ದರಿಂದ ಮಾಲು ವಾಪಸು ಹೋದಾಗ ತೆರಿಗೆ ಸೇರಿ ಪೂರ್ತಿ ಹಣ ಬಂತೇ ಎಂದು ನೋಡಬೇಕು. ಕ್ರೆಡಿಟ್ ಪಡೆಯುವವರು ಮಾರಾಟಗಾರನಿಂದ ಕ್ರೆಡಿಟ್ ನೋಟ್ ಕೇಳಿ ಪಡೆದು ಲೆಕ್ಕಪತ್ರ ನೋಡುವವರಿಗೆ ಕೊಡಬೇಕು.

ದಿನಸಿ ತರಿಸುವಾಗ

ತಿನ್ನುವ ವಸ್ತುಗಳನ್ನು ಬೇಡವೆಂದು ವಾಪಸು ಮಾಡಲು ಹೆಚ್ಚಿನ ಕಂಪನಿಗಳು ಬಿಡುವುದಿಲ್ಲ. ಕೆಟ್ಟಿದ್ದರೆ, ಅವಧಿ ಮೀರಿದ್ದರೆ ಮಾತ್ರ ದೂರು ಕೇಳುತ್ತಾರೆ, ಅದೂ ಕಡಿಮೆ ಸಮಯದೊಳಗೆ. ಆನ್‌ಲೈನ್‌ನಲ್ಲಿ ಮಾರುವ ಆಹಾರ ವಸ್ತು ಮನೆ ಬಾಗಿಲಿಗೆ ಬರುವಾಗ ಅದರ ಒಟ್ಟು ಬಾಳಿಕೆಯ 30 ಶೇಕಡಾ, ಅಥವಾ ಅವಧಿ ಮುಗಿಯಲು 45 ದಿನ ಉಳಿದಿರುವಂತೆ ನೋಡಿಕೊಳ್ಳಬೇಕೆಂದು ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿದೆ. ಸಗಟಿನಲ್ಲಿ ಅಗ್ಗಕ್ಕೆ ಸಿಗುವ ಸಾಸ್, ಬೆಣ್ಣೆ, ಮಸಾಲೆಯ ಪೆಟ್ಟಿಗೆ ಒಡೆದ ಕೂಡಲೇ ದಿನಾಂಕವನ್ನೂ 14 ಅಂಕಿಯ ಲೈಸೆನ್ಸ್ ನಂಬರನ್ನೂ ನೋಡಿ. ಅವಧಿ ಮೀರಿದ ಡಬ್ಬಿ ನಮ್ಮ ಕಪಾಟಿನಲ್ಲಿ ಸಿಕ್ಕಿದರೆ ಇನ್‌ಸ್ಪೆಕ್ಟರ್ ನೋಟೀಸು ಕೊಡುವುದು ಮಾರಿದವನಿಗಲ್ಲ, ನಮಗೆ.

ಮಾಲು ಬಂದ ದಿನ ಮಾಡಬೇಕಾದ್ದು

ಹಕ್ಕು ಎಷ್ಟಿದ್ದರೂ ಸಾಕ್ಷಿ ಇಲ್ಲದಿದ್ದರೆ ಉಪಯೋಗವಿಲ್ಲ. ಹೋಟೇಲಿನಲ್ಲಿ ಡೆಲಿವರಿ ತೆಗೆದುಕೊಳ್ಳುವುದು ಹೆಚ್ಚಾಗಿ ಕೌಂಟರಿನ ಹುಡುಗ, ಅದೂ ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿ. ಅವನಿಗೆ ಇಷ್ಟನ್ನು ಹೇಳಿಕೊಡಿ.

1. ಪೆಟ್ಟಿಗೆ ಜಜ್ಜಿದ್ದರೆ, ಟೇಪು ಹರಿದಿದ್ದರೆ ಮೊದಲು ಫೋಟೋ ತೆಗೆಯಬೇಕು. ತೆರೆದು ತೋರಿಸುವ ಡೆಲಿವರಿ ಸೌಲಭ್ಯ ಇದ್ದರೆ ತೆರೆದು ನೋಡಿದ ಮೇಲೆಯೇ ಓಟಿಪಿ ಕೊಡಬೇಕು.
2. ಪೆಟ್ಟಿಗೆ ಒಡೆಯುವುದನ್ನು ಆರಂಭದಿಂದ ಕೊನೆಯ ತನಕ ಒಂದೇ ವಿಡಿಯೋದಲ್ಲಿ ತೆಗೆಯಬೇಕು. ವಿಳಾಸದ ಚೀಟಿ, ಸೀರಿಯಲ್ ನಂಬರು ಕಾಣಬೇಕು.
3. ಎಣಿಸಬೇಕು, ತೂಗಬೇಕು, ಪುಟದ ವಿವರದೊಂದಿಗೆ ಹೋಲಿಸಬೇಕು.
4. ರಿಟರ್ನ್ ಅವಧಿ ಮುಗಿಯುವ ತನಕ ಪೆಟ್ಟಿಗೆ, ತರ್ಮೋಕೋಲ್, ಕಾಗದ ಯಾವುದನ್ನೂ ಬಿಸಾಡಬಾರದು.
5. ಪರೀಕ್ಷೆ ಮುಗಿಯುವ ಮೊದಲು ಗೋಡೆಗೆ ತೂತು ಕೊರೆದು ಕೂರಿಸಬಾರದು, ಹೋಟೇಲಿನ ಹೆಸರು ಕೊರೆಸಬಾರದು. ಹೆಸರು ಕೊರೆದ ಲೋಟವನ್ನು ಯಾರೂ ವಾಪಸು ಪಡೆಯರು.
6. ವಾಪಸು ಒಯ್ಯಲು ಬಂದವನಿಗೆ ಮಾಲು ಕೊಡುವಾಗಲೂ ಫೋಟೋ ತೆಗೆದು ರಸೀದಿ ಪಡೆಯಬೇಕು. "ನೀವು ಕಳುಹಿಸಿದ್ದು ಬೇರೆ ಮಾಲು" ಎಂಬ ಜಗಳ ಬರುವುದು ಆಮೇಲೆ.

ದೂರು ಎಲ್ಲಿ, ಹೇಗೆ

ಮೊದಲು ಸೈಟಿನಲ್ಲಿಯೇ ದೂರು ದಾಖಲಿಸಿ ನಂಬರು ಪಡೆಯಿರಿ. ಫೋನಿನಲ್ಲಿ ಮಾತಾಡಿದ್ದನ್ನೂ ಇಮೇಲಿನಲ್ಲಿ ಬರೆದು ಕಳುಹಿಸಿ. ಅಲ್ಲಿ ಆಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಇಂಥ ಅಧಿಕಾರಿಯ ಹೆಸರು, ವಿಳಾಸ ತಾಣದಲ್ಲಿ ಇರಲೇಬೇಕು. ಅವರು 48 ಗಂಟೆಗಳೊಳಗೆ ದೂರು ತಲುಪಿದೆ ಎಂದು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ನಿಯಮ.

ಅದೂ ಫಲಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲಿಯೂ ಮಾತಾಡಬಹುದು. ಇದು ಕೋರ್ಟಲ್ಲ, ಕಂಪನಿಯೊಂದಿಗೆ ಮಾತಾಡಿಸಿ ಬಗೆಹರಿಸುವ ವ್ಯವಸ್ಥೆ. ಆದರೂ ಹಲವು ಸಣ್ಣ ದೂರುಗಳು ಇಲ್ಲಿಯೇ ಮುಗಿಯುತ್ತವೆ. ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಅದೇ ಸಮಯಕ್ಕೆ ಬ್ಯಾಂಕಿಗೂ ಬರೆದು ಆ ಪಾವತಿಯನ್ನು ಪ್ರಶ್ನಿಸಬಹುದು. ಇದಕ್ಕೆ ಸಮಯದ ಮಿತಿ ಇದೆ, ತಡ ಮಾಡಬಾರದು.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಇಲ್ಲಿಯೇ ದೂರು, 5 ಲಕ್ಷದ ತನಕ ಶುಲ್ಕವಿಲ್ಲ. ಮಾರಿದವನು ಗುರುಗ್ರಾಮದಲ್ಲಿದ್ದರೂ ಸೂರತ್ತಿನಲ್ಲಿದ್ದರೂ ನಾವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ಈ ಸೌಲಭ್ಯ ಹೊರನಾಡಿನಲ್ಲಿರುವ ನಮ್ಮಂಥವರಿಗೆ ದೊಡ್ಡ ಅನುಕೂಲ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. 2025ರಿಂದ ಇ-ಜಾಗೃತಿ ಎಂಬ ತಾಣದ ಮೂಲಕ ಮನೆಯಿಂದಲೇ ದಾಖಲಿಸಬಹುದು. ವಕೀಲರು ಕಡ್ಡಾಯವಲ್ಲ, ಆದರೆ 'ಗ್ರಾಹಕ ಹೌದೋ ಅಲ್ಲವೋ' ಎಂಬ ಪ್ರಶ್ನೆ ಬರುವಂಥ ದೊಡ್ಡ ಮೊತ್ತಕ್ಕೆ ವಕೀಲರ ಸಲಹೆ ಪಡೆಯುವುದು ಜಾಣತನ.

ವಾಪಸು ಹಣದ ಹೆಸರಿನಲ್ಲಿ ಮೋಸ

ರಿಟರ್ನ್ ಸಿಗದೆ ಬೇಸತ್ತವರು ಗೂಗಲ್‌ನಲ್ಲಿ ಕಂಪನಿಯ ಕಸ್ಟಮರ್ ಕೇರ್ ನಂಬರು ಹುಡುಕುತ್ತಾರೆ. ಮೋಸಗಾರರು ಅಲ್ಲಿಯೇ ಬಲೆ ಹಾಕಿರುತ್ತಾರೆ. "ಹಣ ಈಗಲೇ ಹಾಕುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುತ್ತಾರೆ. ದಿನಕ್ಕೆ ನೂರು ಬಾರಿ ಗಿರಾಕಿಗಳಿಂದ ಯುಪಿಐಯಲ್ಲಿ ಹಣ ಪಡೆಯುವ ನಮಗೆ ಇದು ಗೊತ್ತಿರಬೇಕು, ಹಣ ಬರುವುದಕ್ಕೆ ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ನಂಬರು ಬೇಕಾದರೆ ಕಂಪನಿಯ ಆ್ಯಪ್ ಅಥವಾ ಬಿಲ್ಲಿನಿಂದ ಮಾತ್ರ ತೆಗೆದುಕೊಳ್ಳಿ. ಮೋಸ ಹೋದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೊಳ್ಳುವಾಗ ಕಣ್ಣು ಕಟ್ಟುವ ತಂತ್ರಗಳೂ ಇವೆ. "ಇನ್ನು ಎರಡೇ ಉಳಿದಿವೆ" ಎಂಬ ಸುಳ್ಳು ಅವಸರ, ಕೇಳದ ವಾರಂಟಿಯನ್ನು ಬುಟ್ಟಿಗೆ ಹಾಕುವುದು, ಕೊನೆಯಲ್ಲಿ ಶುಲ್ಕ ಸೇರಿಸುವುದು ಮುಂತಾದ 13 ತಂತ್ರಗಳನ್ನು ಪಟ್ಟಿ ಮಾಡಿ 2023ರ ನವೆಂಬರ್ 30ರಂದು ಕೇಂದ್ರ ಪ್ರಾಧಿಕಾರ ನಿಷೇಧಿಸಿದೆ. ಕಂಡರೆ ಸ್ಕ್ರೀನ್‌ಶಾಟ್ ತೆಗೆದು 1915ಕ್ಕೆ ತಿಳಿಸಬಹುದು.

ಕೊನೆಯ ಮಾತು

ಗ್ರಾಹಕ ಕಾನೂನು ಎಂದರೆ ನಮ್ಮ ಉದ್ಯಮದವರಿಗೆ ನಮ್ಮ ಮೇಲೆ ಬೀಸುವ ಚಾಟಿ ಎಂದೇ ಅನಿಸುವುದುಂಟು. ಸರ್ವಿಸ್ ಚಾರ್ಜ್ ಕುರಿತ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಎತ್ತಿಹಿಡಿದಾಗ ಅದು ಇನ್ನಷ್ಟು ಗಟ್ಟಿಯಾಯಿತು. ಆದರೆ ಗಲ್ಲಾದ ಈಚೆ ಕುಳಿತಾಗ ನಾವು ಮಾರಾಟಗಾರರು, ಮೊಬೈಲ್ ಹಿಡಿದಾಗ ನಾವೇ ಗಿರಾಕಿಗಳು. ಗಿರಾಕಿ "ದೋಸೆ ಸರಿಯಿಲ್ಲ" ಎಂದರೆ ಮಾತಿಲ್ಲದೆ ಬದಲಿಸಿ ಕೊಡುವುದು ನಮ್ಮ ಹಿರಿಯರು ಹಾಕಿಕೊಟ್ಟ ಪದ್ಧತಿ. ನಾವು ಕೊಟ್ಟ ಹಣಕ್ಕೂ ಅಂಥದೇ ಮರ್ಯಾದೆ ಕೇಳುವುದರಲ್ಲಿ ತಪ್ಪಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಅಡಿಗೆಮನೆಯವರಾದ ನಮಗೆ ಚೆನ್ನಾಗಿ ಗೊತ್ತು. ಆದ್ದರಿಂದ ಆರ್ಡರ್ ಬಟನ್ ಒತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಬೇಡವಾದರೆ ವಾಪಸು ಪಡೆಯುತ್ತಾರೆಯೇ, ಎಷ್ಟು ದಿನ? ಹೋಟೇಲಿನಲ್ಲಿ ಬಳಸಿದರೆ ವಾರಂಟಿ ಇದೆಯೇ? ಮಾರುವವನ ವಿಳಾಸ ಕಾಣುತ್ತದೆಯೇ? ಮೂರರಲ್ಲಿ ಒಂದಕ್ಕೂ ಸರಿಯಾದ ಉತ್ತರ ಸಿಗದಿದ್ದರೆ, ಮಾಲು ದೊಡ್ಡ ಬೆಲೆಯದಾಗಿದ್ದರೆ, ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಪೇಟೆಗೆ ಹೋಗಿ ಬರುವುದೇ ಮೇಲು. ಕಾಲ್ಬಾದೇವಿಯೂ ಬೇಗಂ ಬಜಾರೂ ಇನ್ನೂ ಅಲ್ಲಿಯೇ ಇವೆ.